ಮಡಿಕೆಯಲ್ಲಿ ಮರಳು

ಸೆವಿಲ್ಲಿನ ಈ ಪತ್ರಾಗಾರದಲ್ಲಿ ನನ್ನ ಕೆಲಸ
ಹರಿದದ್ದಕ್ಕೆ ತೇಪೆ ಹಚ್ಚುವುದು.
ಗೋಧಿಯ ಗಂಜಿ, ಈರುಳ್ಳಿ ಸಿಪ್ಪೆಯಷ್ಟು ತೆಳು ಕಾಗದ,
ಒಂದು ಮೂಳೆಯ ಚೂರಿ,
ಮತ್ತೆ ಉಸಿರು ಬಿಗಿಹಿಡಿಯುವ ಅಭ್ಯಾಸ.
ಇವತ್ತು ಮೇಜಿಗೆ ಬಂದದ್ದು
ಸಾವಿರದ ಐನೂರ ಎಂಬತ್ತೊಂಬತ್ತರ ಒಂದು ಓಲೆ,
ಪೊತೊಸಿಯಿಂದ.

ನನ್ನೂರು.

ಮಸಿಯಲ್ಲಿ ಕಬ್ಬಿಣವಿತ್ತು, ಅಕ್ಷರಗಳನ್ನೇ ತಿಂದಿದೆ;
'ಪ್ರಿಯೆ' ಎಂದಿದ್ದಲ್ಲಿ ಈಗ ಒಂದು ತೂತು,
ತೂತಿನಾಚೆ ನನ್ನ ಹೆಬ್ಬೆರಳು.
ಮೆಲ್ಚೋರ್ ಬರೋಸೊ ತ್ರಿಯಾನಾದ ಹೆಂಡತಿಗೆ ಬರೆಯುತ್ತಾನೆ:
ಬಾ ಬ್ರಿಯಾಂದಾ, ಹನ್ನೊಂದು ವರ್ಷವಾಯಿತು,
ಆವಿಗೆ ಮಾರು, ತಿಗರಿ ಮಾರು,
ನಿನ್ನ ತಮ್ಮನ ಮಾತು ಕೇಳಬೇಡ.
ದಾರಿಗೆ ವಿನೆಗರ್ ಇಟ್ಟುಕೋ, ಒಣರೊಟ್ಟಿ, ಎರಡು ಕೋಳಿ,
ಕಪ್ತಾನನ ಎದುರು ನಗಬೇಡ.
ಇಲ್ಲೊಂದು ಬೆಟ್ಟವಿದೆ, ರಾತ್ರಿಯೆಲ್ಲ ಕುಲುಮೆಗಳ ಕೆಂಡ,
ನೋಡಿದರೆ ಆಕಾಶ ಜಾರಿ ಬಿದ್ದಂತೆ.
ಉಸಿರು ಸಾಲದು, ಆದರೆ ಬೆಳ್ಳಿ ಸಾಲುತ್ತದೆ.
ಕೊನೆಗೆ, ಅಂಚಿನಲ್ಲಿ, ಜಾಗ ಸಾಲದೆ ಓರೆಯಾಗಿ:
ನನ್ನ ಊಟದ ಚಿಂತೆ ಬೇಡ,
ರೊಟ್ಟಿ ಸುಡಲು ಇಲ್ಲಿನವಳೊಬ್ಬಳಿದ್ದಾಳೆ.

ಅಷ್ಟೇ. ಇಲ್ಲಿನವಳೊಬ್ಬಳು.
ಹೆಸರಿದ್ದಲ್ಲಿ ಮಸಿ ತಿಂದಿದೆ ಅನ್ನೋಣವೆಂದರೆ
ಆ ಜಾಗದಲ್ಲಿ ಕಾಗದ ಗಟ್ಟಿಯಾಗಿಯೇ ಇದೆ.

ಸಮುದ್ರ ದಾಟಲು ಪರವಾನಗಿ ಬೇಕಿತ್ತು,
ಬ್ರಿಯಾಂದಾ ಈ ಓಲೆಯನ್ನು ಅಧಿಕಾರಿಗಳಿಗೆ ತೋರಿಸಿದಳು.
ಅವರು ಓಲೆಯನ್ನು ಇಟ್ಟುಕೊಂಡರು.
ಪರವಾನಗಿ ಕೊಟ್ಟರೋ, ಅವಳು ಹತ್ತಿದಳೋ, ಹಡಗು ಮುಟ್ಟಿತೋ,
ಕಡತ ಬಾಯಿ ಬಿಡುವುದಿಲ್ಲ.
ಊಟದ ಬಿಡುವಿನಲ್ಲಿ ಸೇತುವೆಯವರೆಗೆ ಹೋಗಿ ನಿಂತೆ.
ಆಚೆ ದಂಡೆಯಲ್ಲಿ ತ್ರಿಯಾನಾ;
ಆವಿಗೆಗಳಿದ್ದ ಬೀದಿಯಲ್ಲಿ ಪ್ರವಾಸಿಗರು
ತಟ್ಟೆಗೆ ಚೌಕಾಸಿ ಮಾಡುತ್ತಿದ್ದರು.

ನಾನೂ ಕಾಗದ ಹಿಡಿದು ನಿಂತವಳೇ,
ಬೆಳಗಿನ ಐದಕ್ಕೆ, ಪೊಲೀಸು ಕಚೇರಿಯ ಗೋಡೆಗೆ ಬೆನ್ನು ಕೊಟ್ಟು,
ಮೂರು ಚಳಿಗಾಲ.
ಎಲ್ಲಿಂದ ಬಂದದ್ದು, ಎಂದ ಕಿಟಕಿಯವನು.
ಅವನ ಭಾಷೆಯಲ್ಲೇ ಹೇಳಿದೆ.
ಪರವಾಗಿಲ್ಲ, ಚೆನ್ನಾಗಿ ಮಾತಾಡ್ತೀಯಲ್ಲ, ಅಂದ.
ಹೌದು ಸ್ವಾಮಿ, ನೀವೇ ಹಡಗಿನಲ್ಲಿ ಕಳಿಸಿದ್ದು,
ವಾಪಸು ಕೊಡೋಣವೆಂದು ಬಂದೆ.
(ಇದನ್ನು ಮನೆಗೆ ಬಂದಮೇಲೆ ಹೇಳಿಕೊಂಡದ್ದು.)

ನನ್ನ ಹೆಸರು ಸತುರ್ನಿನಾ ಕೋಲ್ಕೆ.
ಕೋಲ್ಕೆ ಅಂದರೆ ಅಜ್ಜಿಯ ಮಾತಿನಲ್ಲಿ ಬೆಳ್ಳಿ.
ಬೆಳ್ಳಿಯೆಲ್ಲ ಈ ನದಿಯ ದಂಡೆಗೇ ಬಂದು ಇಳಿಯಿತು,
ನಮ್ಮಲ್ಲಿ ಉಳಿದದ್ದು ಮನೆತನದ ಹೆಸರು.
ಏಳು ಗಂಡಸರಲ್ಲಿ ಒಬ್ಬನನ್ನು ಬೆಟ್ಟ ಕೇಳುತ್ತಿತ್ತಂತೆ.
ಅಜ್ಜಿ ಮೊಟ್ಟೆ ಎಣಿಸುವಾಗಲೂ
ಆರು ಅಂದಮೇಲೆ ತುಸು ತಡೆಯುತ್ತಿದ್ದಳು.

ಕೊನೆಯ ಮಡಿಕೆ ಬಿಡಿಸಿದೆ. ಸರ್ರನೆ ಏನೋ ಜಾರಿತು.
ಮರಳು.
ಮಸಿ ಒಣಗಲೆಂದು ಉದುರಿಸಿ
ಒದರಲು ಮರೆತದ್ದು.
ನಾನೂರು ವರ್ಷ ಕದಲದೆ ಕೂತ
ನನ್ನೂರ ಹೊಳೆದಂಡೆ, ಕೆಂಪಗೆ,
ನಡುನಡುವೆ ಮಿಣುಕು.
ಯಾರು ತಂದುಕೊಟ್ಟಿರಬಹುದು ಅವನಿಗೆ,
ಹೊದಿಕೆಯ ತುದಿಗೆ ಗಂಟು ಕಟ್ಟಿ,
ಕಲ್ಲು ಆರಿಸಿ,
ಹಿಟ್ಟಿನ ಜರಡಿಯಲ್ಲೇ ಜರಡಿ ಹಿಡಿದು?

ನಿಯಮದಂತೆ ಕುಂಚದಿಂದ ಒಟ್ಟುಮಾಡಿ
ಚೀಲಕ್ಕೆ ಹಾಕಿ ಸಂಖ್ಯೆ ಬರೆಯಬೇಕು.
ಹಾಕಿದೆ. ಬರೆದೆ.
ಒಂದು ಸಲ ಬೆರಳೊತ್ತಿ ನೋಡಿದ್ದು ಮಾತ್ರ
ನಿಯಮದಲ್ಲಿರಲಿಲ್ಲ.

ಸಂಜೆ ಬಾಡಿಗೆಯ ಅಡುಗೆಮನೆಯಲ್ಲಿ
ಹಿಟ್ಟು ನಾದುವಾಗ ಉಗುರಿನ ಸಂದಿ ನೆನಪಾಗಲಿಲ್ಲ.
ಅಮ್ಮ ಫೋನಿನಲ್ಲಿ: ಅಲ್ಲಿ ಊಟಕ್ಕೇನು ಮಾಡ್ತೀಯೇ?
ರೊಟ್ಟಿ ಸುಡುವವಳೊಬ್ಬಳಿದ್ದಾಳೆ, ಅಂದೆ, ತಮಾಷೆಗೆ.
ಹೌದಾ, ಯಾರ ಪೈಕಿ? ಹೆಸರೇನು ಅವಳದು?
ಅಂದಳು ಅಮ್ಮ, ತಟಕ್ಕನೆ.

ಬಾಯಲ್ಲಿ ತುತ್ತಿತ್ತು.
ಹಲ್ಲಿನ ನಡುವೆ ಏನೋ ಕಟುಂ ಎಂದಿತು.